ಗಡಿಯಾರದ ಕೆಳಗೆ ಅರವತ್ತನಾಲ್ಕು ಮೆಟ್ಟಿಲು

ಗಡಿಯಾರ ಗೋಪುರ ಎದ್ದು ನಿಂತು ಇಷ್ಟು ವರ್ಷವಾದರೂ ಬದ್ರಿಯಾ ಒಂದು ದಿನವೂ ಅದರೊಳಗೆ ಕಾಲಿಟ್ಟಿರಲಿಲ್ಲ. ಮಕ್ಕಾದಲ್ಲೇ ಹುಟ್ಟಿ, ಮಕ್ಕಾದಲ್ಲೇ ಬಾಳಿ, ವಾರಕ್ಕೆ ಎರಡು ಸಲವಾದರೂ ಕಾಬಾ ಇರುವ ಮಸೀದಿಯಾದ ಹರಮ್‌ಗೆ ಬರುವ ಹೆಂಗಸು ಎದುರಿಗೇ ಇರುವ ಆ ಕಟ್ಟಡದ ಬಾಗಿಲು ಕಂಡರೆ ಸಾಕು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅವಳ ಸಿಟ್ಟಿಗೆ ಕಾರಣವಿತ್ತು. ಗೋಪುರ ನಿಂತಿರುವ ಕಡೆಯೇ ಮೊದಲು ಅಜ್ಯಾದ್ ಗುಡ್ಡದ ಒಂದು ಓಣಿ ಇತ್ತು, ಓಣಿಯ ತುದಿಯಲ್ಲಿ ಅವಳಪ್ಪನ ಮನೆ ಇತ್ತು. ಗುಡ್ಡವನ್ನೇ ಕಡಿದು ಹಾಕಿದ ಮೇಲೆ ಮನೆಯ ಮಾತೇನು! ಅಕ್ಕಪಕ್ಕದವರೆಲ್ಲ ಒಂದೆರಡು ವರ್ಷ ಅತ್ತರು, ಆಮೇಲೆ ಗೋಪುರದೊಳಗಿನ ಅಂಗಡಿಗಳ ತಣ್ಣನೆ ಗಾಳಿಗೆ ಒಗ್ಗಿಹೋದರು. ಬದ್ರಿಯಾ ಒಗ್ಗಲಿಲ್ಲ. ಹಠದಲ್ಲಿ ಅವಳು ಥೇಟ್ ಅವಳಪ್ಪ.

ಅಂಥವಳು ಇವತ್ತು, ಅರಫಾದ ದಿನ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಮೊಮ್ಮಗಳು ಗುಫ್ರಾನಳ ಕೈ ಹಿಡಿದುಕೊಂಡು ಗೋಪುರದ ಅಜ್ಯಾದ್ ಕಡೆಯ ಬಾಗಿಲಲ್ಲಿ ನಿಂತಿದ್ದಳು.

ಊರು ಖಾಲಿಯಾಗಿತ್ತು. ಹಜ್ಜಿಗೆ ಬಂದ ಲಕ್ಷಾಂತರ ಜನ ಬೆಳಗ್ಗೆಯೇ ಅರಫಾತ್ ಬಯಲು ಸೇರಿದ್ದರು. ಅವರ ಸೇವೆಗೆಂದು ಮಕ್ಕಾದ ಗಂಡಸರೂ ಹಿಂದೆಯೇ ಹೋಗಿದ್ದರು. ವರ್ಷಕ್ಕೊಂದು ದಿನ ಹರಮ್ ಮಕ್ಕಾದ ಹೆಂಗಸರ ಕೈಗೆ ಸಿಗುವುದು ಹೀಗೆ. ಖರ್ಜೂರದ ಡಬ್ಬಿ, ಕಾಫಿಯ ಫ್ಲಾಸ್ಕು ಹಿಡಿದು, ಮಕ್ಕಳುಮರಿ ಕಟ್ಟಿಕೊಂಡು, ಉಪವಾಸದ ಬಾಯಲ್ಲೇ ಹರಟುತ್ತ ಬರುತ್ತಾರೆ. ನೂಕುನುಗ್ಗಲಿಲ್ಲದೆ ಕಾಬಾ ಸುತ್ತುತ್ತಾರೆ. ಸಂಜೆ ಅಲ್ಲೇ ಉಪವಾಸ ಬಿಡುತ್ತಾರೆ. ಬದ್ರಿಯಾಳ ಅಜ್ಜಿಯೂ ಹೀಗೇ ಬರುತ್ತಿದ್ದಳು.

ಬದ್ರಿಯಾಳಿಗೆ ಮಾತ್ರ ಈ ಹಜ್ಜಿನ ದಿನಗಳಲ್ಲಿ ಇನ್ನೊಂದು ಕೆಲಸವಿತ್ತು. ಕೂಗುವ ಕೆಲಸ.

ಎಂಟು ವರ್ಷದವಳಾಗಿದ್ದಾಗ ಅವಳಿಗೆ ಓಣಿಯ ಮೆಟ್ಟಿಲ ಮೇಲೆ ಬೆಳ್ಳಿಯದೊಂದು ವಸ್ತು ಸಿಕ್ಕಿತ್ತು ಎಂದು ಇಡೀ ಅಜ್ಯಾದಿಗೆ ಗೊತ್ತು. ಬೇರೆ ಊರಿನಲ್ಲಾದರೆ ಸಿಕ್ಕಿದ್ದನ್ನು ಒಂದು ವರ್ಷ ಸಾರಿ, ಯಾರೂ ಬರದಿದ್ದರೆ ಇಟ್ಟುಕೊಳ್ಳಬಹುದು. ಮಕ್ಕಾದ ಮಣ್ಣಿನಲ್ಲಿ ಹಾಗಿಲ್ಲ. ಇಲ್ಲಿ ಬಿದ್ದ ವಸ್ತುವನ್ನು ಎತ್ತಿಕೊಂಡವರು ಬದುಕಿರುವವರೆಗೂ ಸಾರುತ್ತಲೇ ಇರಬೇಕು, ಅದು ಎಂದಿಗೂ ಅವರದಾಗುವುದಿಲ್ಲ. ತಿಳಿದವರು ದಾರಿಯಲ್ಲಿ ಚಿನ್ನ ಬಿದ್ದಿದ್ದರೂ ದಾಟಿಕೊಂಡು ಹೋಗುತ್ತಾರೆ. ಅವಳಪ್ಪ ಜಾವಾ ಕಡೆಯಿಂದ, ಅಂದರೆ ಆ ಪೂರ್ವದ ದ್ವೀಪಗಳಿಂದೆಲ್ಲ, ಹಡಗಿನಲ್ಲಿ ಬರುವ ಹಜ್ಜಿನವರನ್ನು ಮನೆಯಲ್ಲೇ ಇಳಿಸಿಕೊಂಡು, ಎಲ್ಲ ವಿಧಿಗಳನ್ನೂ ಮಾಡಿಸಿ ಕಳಿಸುತ್ತಿದ್ದ ಮನುಷ್ಯ. ನ್ಯಾಯ ನೀತಿ ಎಂದರೆ ಪ್ರಾಣ. "ಎತ್ತಿದ್ದೀಯ ತಾನೆ? ಇನ್ನು ಉಸಿರಿರೋತನಕ ಕೂಗು" ಎಂದುಬಿಟ್ಟ.

ಅಂದಿನಿಂದ ಐವತ್ತೊಂಬತ್ತು ಹಜ್ಜು ಕಳೆದಿದ್ದವು. ಮದುವೆಯಾದ ವರ್ಷವೂ, ಬಸುರಿಯಾಗಿದ್ದ ವರ್ಷಗಳಲ್ಲೂ, ಗಂಡ ತೀರಿಕೊಂಡ ವರ್ಷವೂ ಬದ್ರಿಯಾ ಬಂದು ನಿಂತು ಕೂಗಿದ್ದಳು: "ಬೆಳ್ಳಿ ಕಳಕೊಂಡೋರು ಯಾರು? ಗುರುತು ಹೇಳಿ, ತಗೊಂಡು ಹೋಗಿ!" ಗುರುತು ಹೇಳಬೇಕಾದವರು ಕಳೆದುಕೊಂಡವರು. ಆದ್ದರಿಂದ ಆ ವಸ್ತುವನ್ನು ಹೊರಗಿನವರ ಕಣ್ಣಿಗೆ ಬೀಳಿಸುವಂತಿರಲಿಲ್ಲ. ಕೆಲವರು ಬಳೆ ಅಂದರು, ಕೆಲವರು ಕಾಲ್ಗಡಗ ಅಂದರು, ಒಬ್ಬ ಭೂಪ ಕತ್ತಿಯ ಹಿಡಿ ಅಂದ. ಎಲ್ಲರನ್ನೂ ಅವಳು ಉಗಿದು ಕಳಿಸಿದ್ದಳು. ಅದು ನಿಂಬೆಹಣ್ಣಿನಷ್ಟು ದಪ್ಪದ, ಮುಚ್ಚಳವಿದ್ದ ಒಂದು ಪುಟ್ಟ ಡಬ್ಬಿ. ಏತಕ್ಕೆ ಬಳಸುತ್ತಾರೆಂದು ಮನೆಯವರಿಗೂ ಬಗೆಹರಿದಿರಲಿಲ್ಲ. ಅಪ್ಪ ನಶ್ಯದ ಡಬ್ಬಿ ಅನ್ನುತ್ತಿದ್ದ, ಅಮ್ಮ ಕಾಡಿಗೆಯದು ಅನ್ನುತ್ತಿದ್ದಳು. ಓಣಿಯವರು ಬದ್ರಿಯಾಳಿಗೆ ಅಮೀನಾ ಎಂದು ಹೆಸರಿಟ್ಟರು. ಅಮೀನಾ ಎಂದರೆ ನಂಬಿಕಸ್ಥೆ. ಅಸಲು ಹೆಸರು ಎಷ್ಟೋ ಜನಕ್ಕೆ ಮರೆತೇಹೋಗಿತ್ತು.

ಇಷ್ಟರಲ್ಲಿ ತೊಡಕು ಒಂದೇ. ಆ ಡಬ್ಬಿ ಅವಳಿಗೆ ಮೆಟ್ಟಿಲ ಮೇಲೆ ಸಿಕ್ಕಿರಲಿಲ್ಲ.

ಈ ಮಾತನ್ನು ಅವಳು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹೇಳದೆಯೇ ಮಣ್ಣಿಗೆ ಹೋಗಬಹುದಿತ್ತು. ಆದರೆ ಎರಡು ತಿಂಗಳ ಹಿಂದೆ ಕತ್ತಿನ ಗಡ್ಡೆ ತೆಗೆಸಿಕೊಂಡ ಮೇಲೆ ಅವಳ ದನಿ ಕೈಕೊಟ್ಟಿತು. ಗಂಟಲಿನಿಂದ ಬರುವುದು ಬರೀ ಗೊರಗೊರ ಸದ್ದು. ದನಿಯಿಲ್ಲದವಳು ಕೂಗುವುದು ಹೇಗೆ? ಅಜ್ಜಿಯನ್ನು ಸಿತ್ತಿ ಎಂದು ಕರೆಯುವ ಗುಫ್ರಾನ್ ತಾನಾಗಿಯೇ ಮುಂದೆ ಬಂದಳು: "ನಾನು ಕೂಗ್ತೀನಿ ಸಿತ್ತಿ. ನನ್ನಾದ್ಮೇಲೆ ನನ್ನ ಮಕ್ಕಳು ಕೂಗ್ತಾರೆ." ಚಿಕ್ಕಂದಿನಲ್ಲಿ ಶಾಲೆಯಲ್ಲಿ 'ನನ್ನ ಅಜ್ಜಿ' ಎಂದು ಪ್ರಬಂಧ ಬರೆದು ಬಹುಮಾನ ತಂದ ಹುಡುಗಿ ಅವಳು. ಓಣಿಯ ಹಳೆಯ ಹೆಂಗಸರೆಲ್ಲ ಸೇರಿ ದಿನ ಗೊತ್ತುಮಾಡಿದರು. ಅರಫಾದ ದಿನ, ಗೋಪುರದೊಳಗೆ, ಹಳೆಯ ಓಣಿ ಇದ್ದ ಜಾಗದಲ್ಲೇ, ತಮ್ಮೆಲ್ಲರ ಎದುರಿಗೆ ಅಮೀನಾ ಆ ವಸ್ತುವನ್ನು ಬಟ್ಟೆಯ ಗಂಟಿನಲ್ಲೇ ಮೊಮ್ಮಗಳ ಕೈಗಿಡಬೇಕು.

ಹೇಳದಿದ್ದರೆ ಈ ಹುಡುಗಿ ಬದುಕಿಡೀ ತನ್ನ ಸುಳ್ಳನ್ನು ಕೂಗುತ್ತಾಳೆ. ಹೇಳಿದರೆ ಆ ಹುಡುಗಿಯ ಕಣ್ಣಲ್ಲಿ ತಾನು ಏನಾಗಿ ಉಳಿಯುತ್ತೇನೆ? ಬೆಳಗಿನಿಂದ ಬದ್ರಿಯಾ ಮೂರು ಸಲ ಬಾಯಿ ತೆರೆದು ಮೂರು ಸಲವೂ ಬೇರೇನೋ ಮಾತಾಡಿದ್ದಳು.

"ಸಿತ್ತಿ, ಲೆಕ್ಕ ಹೇಳು" ಎಂದಳು ಗುಫ್ರಾನ್. ಅವಳು ಓದುತ್ತಿದ್ದದ್ದು ಭೂಮಿ ಅಳೆಯುವ ವಿದ್ಯೆ. ನಿಂತಲ್ಲಿ ಕೂತಲ್ಲಿ ಅಳತೆಯೇ ಅವಳ ಮಾತು. "ರಸ್ತೆಯಿಂದ ನಿಮ್ಮನೆ ಬಾಗಿಲಿಗೆ ಎಷ್ಟು ಮೆಟ್ಟಿಲು?"

"ಅರವತ್ತನಾಲ್ಕು. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

"ಒಂದೊಂದು ಎಷ್ಟು ಎತ್ತರ?"

ಬದ್ರಿಯಾ ಗೇಣು ಹಾಕಿ, ಅದರ ಮೇಲೆ ಎರಡು ಬೆರಳಿಟ್ಟು ತೋರಿಸಿದಳು. ಗುಫ್ರಾನ್ ಆ ಕೈಯ ಮೇಲೆ ಫೋನು ಹಿಡಿದು ಅಳೆದಳು. "ಇಪ್ಪತ್ತೆರಡು ಸೆಂಟಿಮೀಟರ್. ಇಲ್ಲಿನ ಮೆಟ್ಟಿಲು ಹದಿನೇಳು. ಹಾಗಾದ್ರೆ ನಿನ್ನ ಅರವತ್ತನಾಲ್ಕಕ್ಕೆ ಇಲ್ಲಿ ಎಂಬತ್ಮೂರು ಹತ್ತಬೇಕು. ಆಮೇಲೆ ಎಡಕ್ಕೆ ತಿರುಗಿದ್ರೆ ನಿಮ್ಮ ಹೊಸ್ತಿಲು, ಗಾಳಿಯಲ್ಲಿ."

ಈ ಲೆಕ್ಕ ಕೇಳಿದ ಮೇಲೆ ಬದ್ರಿಯಾಳಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಇಪ್ಪತ್ತು ವರ್ಷದಿಂದ ತನ್ನ ಮನೆ ಮಣ್ಣುಪಾಲಾಯಿತು ಎಂದುಕೊಂಡಿದ್ದಳು. ಗುಡ್ಡ ಹೋಯಿತು ನಿಜ, ಎತ್ತರ ಎಲ್ಲಿಗೂ ಹೋಗಿಲ್ಲವಲ್ಲ!

ಮೆಟ್ಟಿಲ ಬಾಗಿಲಲ್ಲಿ ಕಾವಲಿನ ಹೆಂಗಸು ತಡೆದಳು. "ಅಲ್ಲಿ ಲಿಫ್ಟಿದೆ ಹಜ್ಜಾ. ಈ ಮೆಟ್ಟಿಲನ್ನ ಯಾರೂ ಹತ್ತಲ್ಲ."

"ನಿನ್ನ ಲಿಫ್ಟಲ್ಲಿ ಮೆಟ್ಟಿಲು ಎಣಿಸೋಕಾಗುತ್ತಾ?"

"ಉಪವಾಸ ಇದ್ದೀರಿ, ಮೇಲೆ ಮಂಡಿನೋವು ಬೇರೆ ಇದ್ದಹಾಗಿದೆ."

"ಮಂಡಿ ನಂದು, ನೋವೂ ನಂದು. ನೀನ್ಯಾಕಮ್ಮ ಕುಂಟ್ತೀಯ?"

ಕಾವಲಿನವಳು ನಕ್ಕು ಬಾಗಿಲು ಬಿಟ್ಟಳು.

ಹತ್ತು ಮೆಟ್ಟಿಲಿಗೊಮ್ಮೆ ಬದ್ರಿಯಾ ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದಳು. ಮೊಮ್ಮಗಳು ಎಣಿಸುತ್ತಿದ್ದಳು, ಅಜ್ಜಿ ಮನಸ್ಸಿನಲ್ಲೇ ಹಳೆಯ ಓಣಿ ಹತ್ತುತ್ತಿದ್ದಳು. ಮೂವತ್ತಕ್ಕೆ ಬಂದಾಗ ಎಡಗಡೆಯ ಬೋಳು ಗೋಡೆ ತೋರಿಸಿ, "ಇಲ್ಲಿ ಉಮ್ಮ್ ಸಾಲೆಹಳ ಒಲೆ. ಬೆಳಗಾದ್ರೆ ರೊಟ್ಟಿ ವಾಸನೆ" ಎಂದಳು. ಐವತ್ತಕ್ಕೆ ಬಂದಾಗ, "ಇಲ್ಲಿ ನಫೀಸಾ ಮನೆ. ಮೇಲಿನ ಕಿಟಕಿಯಿಂದ ಹೋಗೋರ ಬರೋರ ತಲೆ ಮೇಲೆಲ್ಲ ಕಲ್ಲಂಗಡಿ ಬೀಜ ಉಗಿಯೋಳು. ಈಗ ನೋಡಿದ್ರೆ ದೊಡ್ಡ ಮನುಷ್ಯಳಂಗೆ ಉಪದೇಶ ಮಾಡ್ತಾಳೆ."

"ಖಾಲಾ ನಫೀಸಾ? ಬೀಜ ಉಗೀತಿದ್ರಾ?"

"ಗುರಿ ಇಟ್ಟು ಉಗಿಯೋಳು ಕಣೇ."

ಗುಫ್ರಾನ್ ಬಿದ್ದು ಬಿದ್ದು ನಕ್ಕಳು, ಎಣಿಕೆ ತಪ್ಪಿತು. ಮತ್ತೆ ಎಂಟು ಮೆಟ್ಟಿಲು ಇಳಿದು ಹೊಸದಾಗಿ ಎಣಿಸಿಕೊಂಡು ಬಂದಳು. ಅಷ್ಟೊತ್ತು ಬದ್ರಿಯಾ ಒಬ್ಬಳೇ ನಿಂತು, ಈಗ ಹೇಳಿಬಿಡಲೇ ಎಂದು ಯೋಚಿಸಿದಳು.

ಎಂಬತ್ಮೂರನೆಯ ಮೆಟ್ಟಿಲಿಗೆ ಸರಿಯಾಗಿ ಒಂದು ಬಾಗಿಲು ಸಿಕ್ಕಿತು. ತಳ್ಳಿದರೆ ಅಂಗಡಿಗಳ ಮಹಡಿ. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಹೊಳೆಯುವ ನೆಲ, ಅದರಲ್ಲಿ ತಲೆಕೆಳಗಾಗಿ ನಿಂತ ದೀಪಗಳು. ನಿನ್ನೆಯವರೆಗೂ ಕಾಲಿಡಲು ಜಾಗವಿಲ್ಲದಿದ್ದ ಕಡೆ ಈಗ ಒಂದು ನರಪಿಳ್ಳೆಯಿಲ್ಲ. ಅತ್ತರಿನ ಅಂಗಡಿಯವನು ಗಲ್ಲಕ್ಕೆ ಕೈಕೊಟ್ಟು ತೂಕಡಿಸುತ್ತಿದ್ದ. ಬದ್ರಿಯಾ ಬಾಯಿಬಿಟ್ಟು ನೋಡಿದಳು, ನೋಡಿದ್ದನ್ನು ಮೊಮ್ಮಗಳು ನೋಡಿದಳೆಂದು ತಿಳಿದು ಬಾಯಿ ಮುಚ್ಚಿಕೊಂಡಳು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಅವಳಿಗೇನು ಹುಚ್ಚೇ?

ಎಡಕ್ಕೆ ತಿರುಗಿದರೆ ಒಂದು ಸೂಟ್‌ಕೇಸ್ ಅಂಗಡಿ. ಮುಂದೆ ಕೂರಲು ಒಂದು ಬೆಂಚು.

"ಇದೇ ಸಿತ್ತಿ! ಇದೇ ನಿಮ್ಮ ಹೊಸ್ತಿಲು!" ಗುಫ್ರಾನ್ ನೆಲದ ಮೇಲೆ ಕಾಲಿನಿಂದ ಗೆರೆ ಎಳೆದಳು. "ಇಲ್ಲೇ ಅಲ್ವಾ ನಿಂಗೆ ಅದು ಸಿಕ್ಕಿದ್ದು? ಮೇಲೆ ಊಟದ ಮಹಡೀಲಿ ಖಾಲಾ ನಫೀಸಾ ಎಲ್ಲ ಕೂತಿದ್ದಾರೆ. ಕೆಳಗೆ ಬನ್ನಿ ಅಂತ ಫೋನ್ ಮಾಡ್ಲಾ?"

"ಬೇಡ. ನಾವೇ ಮೇಲಕ್ಕೆ ಹೋಗ್ಬೇಕು."

"ಜಾಗ ಇದೇ ತಾನೆ? ಮೇಲೆ ಏನಿದೆ?"

"ನಮ್ಮನೆ. ಒಳಗಿನ ಮೆಟ್ಟಿಲು ಮೂವತ್ತೆಂಟು. ಮೇಲುಗಡೆ ಜಾವಾದ ಹೆಂಗಸರು ಇಳ್ಕೊಳ್ಳೋ ಕೋಣೆ." ಬದ್ರಿಯಾ ಬೆಂಚಿನ ಮೇಲೆ ಕುಸಿದು ಕುಳಿತಳು. "ಡಬ್ಬಿ ಸಿಕ್ಕಿದ್ದು ಅಲ್ಲಿ. ಸಿಕ್ಕಿದ್ದಲ್ಲ. ತಗೊಂಡೆ."

ಹೇಳಿಯೇಬಿಟ್ಟಿದ್ದಳು. ಇಷ್ಟು ವರ್ಷ ಗಂಟಲಲ್ಲಿ ಮುಳ್ಳಾಗಿದ್ದ ಮಾತು ಹೊರಗೆ ಬಂದಾಗ ಇಷ್ಟು ಚಿಕ್ಕದಾಗಿತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು. ಗುಫ್ರಾನ್ ನಗುತ್ತಲೇ ಪಕ್ಕದಲ್ಲಿ ಕೂತು ಅವಳ ಕೈಯೊಳಗೆ ಕೈಯಿಟ್ಟಳು, ಏನೋ ತಮಾಷೆ ಎಂದುಕೊಂಡಿರಬೇಕು.

"ಆ ವರ್ಷ ನಮ್ಮನೇಲಿ ಇಳಿದಿದ್ದೋರು ಪನ್ಯಬುಂಗನ್ ಅನ್ನೋ ಊರಿನವರು. ಒಬ್ಬಳು ಮುದುಕಿ, ಜೊತೆಗೆ ಸೊಸೆ. ಸೊಸೆ ಹೆಸರು ಮಸ್ದಲೀಫಾ. ಮುಜ್ದಲಿಫಾ ಬಯಲಿನ ಹೆಸರಿಟ್ಕೊಂಡು ಯಾರಾದ್ರೂ ಇರ್ತಾರಾ ಅಂತ ನಾವು ಮಕ್ಕಳು ಬಿದ್ದು ನಕ್ಕಿದ್ವಿ, ಅದಕ್ಕೇ ಮರೆತಿಲ್ಲ. ಮುದುಕಿ ಡಬ್ಬಿನ ಕಿಟಕಿ ಮೇಲೆ ಇಟ್ಟು ಮುಖ ತೊಳೆಯೋಕೆ ಹೋದಳು. ಬಿಸಿಲು ಬಿದ್ದು ಅದು ಎಷ್ಟು ಚೆನ್ನಾಗಿ ಹೊಳೀತಿತ್ತು ಗೊತ್ತಾ? ಒಳಗೇನಿದೆ ನೋಡ್ಬೇಕು ಅನ್ನಿಸ್ತು. ಅಷ್ಟೇ. ನೋಡಿ ಇಡೋಣ ಅಂತಲೇ ತಗೊಂಡೆ."

"ಮತ್ತೆ ಇಡ್ಲಿಲ್ಲ ಯಾಕೆ?" ಗುಫ್ರಾನಳ ನಗು ನಿಂತಿತ್ತು.

"ಮುದುಕಿ ಬಂದುಬಿಟ್ಟಳು. ನಾನು ಬಾಗಿಲ ಹಿಂದೆ ಅವಿತ್ಕೊಂಡೆ. ಡಬ್ಬಿ ಇಲ್ಲ ಅಂತ ಕೂಗಾಡಿ, ಸೊಸೆ ಕೆನ್ನೆಗೆ ಬಾರಿಸಿದಳು. 'ನೀನೇ ಕಳೆದೆ, ಕೈಲಾಗದೋಳೆ' ಅಂದಳು. ಅವರ ಭಾಷೆ ನಂಗೆ ಬರ್ತಿತ್ತಲ್ಲ, ಪ್ರತಿ ಮಾತೂ ಅರ್ಥ ಆಯ್ತು. ಆ ಹುಡುಗಿ ಅಳ್ಲಿಲ್ಲ. ನೆಲದ ಮೇಲೆಲ್ಲ ತಡಕಾಡ್ತಾ ಇದ್ದಳು. ಬಾಗಿಲ ಸಂದಿಯಿಂದ ನನಗೆ ಅವಳ ಕೈ ಕಾಣಿಸ್ತಿತ್ತು. ಅಪ್ಪ ಮಿನಾ ಬಯಲಲ್ಲಿ ಡೇರೆ ಹಾಕ್ಸೋಕೆ ಹೋಗಿದ್ರು, ಅವರ ಕಿವಿಗೆ ಇದು ಬೀಳ್ಲೇ ಇಲ್ಲ. ಆ ಅತ್ತೆ ಸೊಸೆ ಊರಿಗೆ ಹೊರಟುಹೋದ ಮಾರನೇ ದಿನ ಅಪ್ಪಂಗೆ ಡಬ್ಬಿ ತೋರಿಸ್ದೆ. ಮೆಟ್ಟಿಲ ಮೇಲೆ ಸಿಕ್ತು ಅಂದೆ."

"ಮುತ್ತಾತ ಏನಂದ್ರು?"

"ಹೆಗಲ ಮೇಲೆ ಕೂರಿಸ್ಕೊಂಡು ಓಣಿ ತುಂಬ ಮೆರೆಸಿದರು. ನನ್ನ ಮಗಳು ಅಮೀನಾ ಅಂತ."

ಗುಫ್ರಾನ್ ಅಜ್ಜಿಯ ಕೈಯೊಳಗಿದ್ದ ತನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು. ಬೈದಿದ್ದರೆ ಬದ್ರಿಯಾ ತಡೆದುಕೊಳ್ಳುತ್ತಿದ್ದಳು. ಈ ಕೈ ಬಿಡಿಸಿಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ.

"ಅಷ್ಟು ವರ್ಷ ಕೂಗಿದ್ದೀನಲ್ಲೇ" ಎಂದಳು. "ಒಂದು ವರ್ಷಾನೂ ತಪ್ಪಿಸಿಲ್ಲ."

"ಕಳಕೊಂಡೋರು ಯಾರು ಅಂತ ಕೂಗಿದೆ. ಕಳಕೊಂಡೋರು ಯಾರು ಅಂತ ನಿಂಗೆ ಗೊತ್ತಿತ್ತು. ಊರೂ ಗೊತ್ತಿತ್ತು, ಹೆಸರೂ ಗೊತ್ತಿತ್ತು." ಗುಫ್ರಾನ್ ಎದ್ದು ನಿಂತಳು. "ನಾನು ಇದನ್ನ ಕೂಗಲ್ಲ. ಮೇಲೆ ಅವರೆಲ್ಲ ಕಾಯ್ತಿದ್ದಾರೆ. ಏನು ಹೇಳ್ಬೇಕೋ ನೀನೇ ಹೇಳು."

"ಗಂಟಲು ಸರಿಯಿಲ್ಲ ಅಂತ ಹೇಳಿ ಮುಂದಿನ ವರ್ಷಕ್ಕೆ ಹಾಕೋಣ್ವಾ?"

"ಯಾರ ಗಂಟಲು? ನನ್ನ ಗಂಟಲು ಚೆನ್ನಾಗೇ ಇದೆ."

ಅಪ್ಪನ ಹಠ ತನಗಲ್ಲ, ಈ ಹುಡುಗಿಗೆ ಬಂದಿದೆ ಎಂದು ಬದ್ರಿಯಾಳಿಗೆ ಅನ್ನಿಸಿತು.

ಮೇಲಕ್ಕೆ ತಾನೇ ಹತ್ತುವ ಮೆಟ್ಟಿಲುಗಳಿದ್ದವು. ಗುಫ್ರಾನ್ ಮುಂದೆ ನಿಂತು ಫೋನಿನಲ್ಲಿ ಎತ್ತರ ನೋಡುತ್ತಿದ್ದಳು. ಸಿಟ್ಟು ಬಂದಾಗಲೂ ಅಳೆಯುವುದನ್ನು ಬಿಡದ ಹುಡುಗಿ. ಎರಡನೆಯ ಮಹಡಿಗೆ ಬಂದಾಗ, ಹಿಂದೆ ತಿರುಗದೆ, "ಎಂಟೂವರೆ ಮೀಟರ್. ನಿನ್ನ ಮೂವತ್ತೆಂಟು ಮೆಟ್ಟಿಲಿಗೆ ಸರಿಹೋಯ್ತು" ಎಂದಳು. ಅಂದರೆ ಮುದುಕಿಯ ಕೋಣೆಯ ನೆಲದ ಮೇಲೇ ಇಬ್ಬರೂ ನಿಂತಿದ್ದರು. ಕಿಟಕಿ ಇದ್ದ ಕಡೆ ಕರಿದ ಕೋಳಿಯ ಅಂಗಡಿಯ ಚಿತ್ರ ಥಳಥಳಿಸುತ್ತಿತ್ತು.

ಊಟದ ಮಹಡಿ ನೋಡಿದರೆ ನಗು ಬರುವಂತಿತ್ತು. ಸಾವಿರ ಕುರ್ಚಿ, ತಿನ್ನುವವರು ಒಬ್ಬರೂ ಇಲ್ಲ. ಉಪವಾಸ ಬಿಡುವ ಮಗ್ರಿಬ್ ಬಾಂಗಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಡುಗೆಯವರು ಮಾತ್ರ ಒಳಗೆ ಸಮೋಸ ಕರಿದು ಕರಿದು ಗುಡ್ಡೆ ಹಾಕುತ್ತಿದ್ದರು. ನಡುವಿನ ಉದ್ದ ಮೇಜನ್ನು ಹಿಡಿದು ಅಜ್ಯಾದಿನ ಹಳೆಯ ಹೆಂಗಸರು ಏಳೆಂಟು ಮಂದಿ ಸಭೆ ನಡೆಸಿದ್ದರು. ಮೇಜಿನ ತುಂಬ ಖರ್ಜೂರ, ಸೋಬಿಯಾ ಶರಬತ್ತು, ಜಮ್‌ಜಮ್ ನೀರಿನ ಲೋಟಗಳು. ಎಲ್ಲರಿಗಿಂತ ಹಿರಿಯಳಾದ ನಫೀಸಾ ಕೈಯೆತ್ತಿದಳು.

"ಬಂದ್ಲಪ್ಪ ನಮ್ಮ ಅಮೀನಾ! ಕೊನೆಗೂ ಒಳಗೆ ಬಂದ್ಯಾ? ಗೋಪುರ ನಿನ್ನ ಕಾಲಿಗೆ ಬಿತ್ತೋ, ನೀನು ಗೋಪುರದ ಕಾಲಿಗೆ ಬಿದ್ಯೋ?"

ಎಲ್ಲರೂ ನಕ್ಕರು. ಬದ್ರಿಯಾ ನಗಲಿಲ್ಲ.

"ಕೂತ್ಕೋ ಬಾ. ಗುಫ್ರಾನ್, ನೀನಿಲ್ಲಿ ನಿಲ್ಲಮ್ಮ, ಎಲ್ಲರಿಗೂ ಕಾಣೋ ಹಾಗೆ. ಯಾಕೆ ಮುಖ ಹೀಗಿದೆ? ಉಪವಾಸ ಜೋರಾಯ್ತಾ?"

ಗುಫ್ರಾನ್ ಅಜ್ಜಿಯ ಕಡೆ ನೋಡಿದಳು. ಬದ್ರಿಯಾ ಕೂರಲಿಲ್ಲ. ಎರಡು ಕೈಯನ್ನೂ ಮೇಜಿನ ಮೇಲೆ ಊರಿ, ಕೂಗುವಾಗ ನಿಲ್ಲುತ್ತಿದ್ದ ಹಾಗೆ ನಿಂತಳು. ಗಂಟಲಿನಿಂದ ದನಿ ಬರಲಿಲ್ಲ, ಉಸಿರು ಬಂತು. ಕೇಳಿಸಿಕೊಳ್ಳಲು ಹೆಂಗಸರೆಲ್ಲ ಮುಂದಕ್ಕೆ ಬಾಗಿದರು.

"ಆ ಬೆಳ್ಳಿ ನನಗೆ ಮೆಟ್ಟಿಲ ಮೇಲೆ ಸಿಕ್ಕಿದ್ದಲ್ಲ" ಎಂದಳು. "ನಮ್ಮನೇಲಿ ಇಳಿದಿದ್ದ ಜಾವಾದ ಮುದುಕೀದು. ನಾನು ಕದ್ದೆ. ಅವಳ ಸೊಸೆಗೆ ಪೆಟ್ಟು ಬಿತ್ತು. ನಾನು ಬಾಗಿಲ ಹಿಂದೆ ನಿಂತು ನೋಡ್ತಿದ್ದೆ, ಬಾಯಿ ಬಿಡ್ಲಿಲ್ಲ. ನನ್ನನ್ನ ಅಮೀನಾ ಅನ್ಬೇಡಿ."

ಬದ್ರಿಯಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬಳು ಖರ್ಜೂರದ ತಟ್ಟೆಯನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸಿದಳು. ಇನ್ನೊಬ್ಬಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಕಡೆಗೆ ಸಿಡಿದವಳು ನಫೀಸಾ.

"ಎಷ್ಟು ವರ್ಷ ನನ್ನ ಮಕ್ಕಳಿಗೆ ನಿನ್ನ ಹೆಸರು ಹೇಳಿ ಬೈದೆನಲ್ಲೇ! ಅಮೀನಾನ ನೋಡಿ ಕಲೀರಿ ಅಂತ! ನನ್ನ ಎರಡನೇ ಮಗ ಒಂದು ಸಲ ಒಂದು ಪೆನ್ನು ಎತ್ಕೊಂಡು ಬಂದಿದ್ದಕ್ಕೆ ಬಾಸುಂಡೆ ಬರೋ ಹಾಗೆ ಹೊಡೆದೆ. ನಿನ್ನ ಹೆಸರು ಹೇಳಿ ಹೊಡೆದೆ!"

"ಹೊಡೀಬಾರ್ದಿತ್ತು" ಎಂದಳು ಬದ್ರಿಯಾ.

"ಈಗ ಹೇಳ್ತೀಯಾ?"

ಬದ್ರಿಯಾ ಚೀಲಕ್ಕೆ ಕೈಹಾಕಿ, ಬಟ್ಟೆಯ ಗಂಟು ಬಿಚ್ಚಿ, ಡಬ್ಬಿಯನ್ನು ಮೇಜಿನ ನಡುವೆ, ಎಲ್ಲರ ಕಣ್ಣೆದುರಿಗೆ ಇಟ್ಟು ಮುಚ್ಚಳ ತೆಗೆದಳು. ಇನ್ನು ಬಚ್ಚಿಡುವುದಕ್ಕೇನಿತ್ತು? ಗುರುತು ಹೇಳಿಸಿಕೊಳ್ಳಬೇಕಾದದ್ದು ಕಳೆದ ವಸ್ತುವಿಗೆ. ಕದ್ದ ವಸ್ತುವಿಗೆ ಆ ಮರ್ಯಾದೆಯಿಲ್ಲ.

ಎಷ್ಟು ಸಿಟ್ಟಿದ್ದರೂ ಹೆಂಗಸರ ಕತ್ತುಗಳೆಲ್ಲ ಒಮ್ಮೆಗೇ ಮುಂದಕ್ಕೆ ಬಂದವು. ಇಡೀ ಓಣಿ ಅರವತ್ತು ವರ್ಷ ತಲೆಕೆಡಿಸಿಕೊಂಡಿದ್ದ ಗುಟ್ಟು ಅದು.

"ಇಷ್ಟೇನಾ?" ಎಂದಳು ಒಬ್ಬಳು.

"ನಾನು ಖಡ್ಗ ಅಂದ್ಕೊಂಡಿದ್ದೆ" ಎಂದಳು ಇನ್ನೊಬ್ಬಳು.

"ಕೇಸರಿ ಇಡೋದು ಇರಬೇಕು."

"ಅಲ್ಲ, ಕಾಡಿಗೆ."

"ಒಳಗೆ ನೋಡು, ಬೆಳ್ಳಗಿದೆ. ಕಾಡಿಗೆ ಬೆಳ್ಳಗಿರುತ್ತಾ?"

"ಸುಣ್ಣ" ಎಂದಿತು ಹಿಂದಿನಿಂದ ಒಂದು ದನಿ.

ಪಕ್ಕದ ಮೇಜು ಒರೆಸುತ್ತಿದ್ದ ಹೆಂಗಸು ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದಿದ್ದಳು. ಎದೆಯ ಮೇಲಿನ ಚೀಟಿಯಲ್ಲಿ ವಾರ್ತಿನಿ ಎಂದು ಹೆಸರಿತ್ತು. ಜಾವಾದವಳು, ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿದ್ದರಿಂದ ಮಾತು ಸರಾಗವಾಗಿತ್ತು. "ಕ್ಷಮಿಸಿ ಹಜ್ಜಾ, ಕಿವಿಗೆ ಬಿತ್ತು. ಇದು ಸುಣ್ಣದ ಡಬ್ಬಿ. ಎಲೆ ಅಡಿಕೆ ಹಾಕ್ತಾರಲ್ಲ, ಎಲೆಗೆ ಹಚ್ಚೋ ಸುಣ್ಣ. ನನ್ನ ಅಜ್ಜಿಗೂ ಇತ್ತು, ಅವರದ್ದು ಹಿತ್ತಾಳೇದು. ಅದು ಕೈಯಲ್ಲಿಲ್ಲ ಅಂದ್ರೆ ಮನೆಯೋರಿಗೆಲ್ಲ ಗ್ರಹಚಾರ. ಎಲೆ ಮಡಿಸಿ ಕೊಡೋದು ಸೊಸೆ ಕೆಲಸ. ಡಬ್ಬಿ ಕಳೆದ್ರೆ ಬೈಗುಳಾನೂ ಸೊಸೇಗೇ."

ಬದ್ರಿಯಾ ಡಬ್ಬಿಯೊಳಗಿನ ಬಿಳಿಯ ಹುಡಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಅಷ್ಟಕ್ಕೆ! ಒಳಗೇನಿದೆ ಎಂದು ನೋಡುವ ಆಸೆಗೆ ಒಬ್ಬ ಹುಡುಗಿಯ ಕೆನ್ನೆ ಊದಿಸಿದ್ದಳು, ಒಳಗೆ ಇದ್ದದ್ದು ಚಿಟಿಕೆ ಸುಣ್ಣ. ಅವಳಿಗೆ ಅಳು ಬಂತು, ನಾಚಿಕೆಯೂ ಬಂತು, ಆದರೂ ಗೊತ್ತಾಯಿತಲ್ಲ ಎಂಬ ಸಮಾಧಾನವೂ ಎಲ್ಲೋ ಒಂದು ಮೂಲೆಯಲ್ಲಿ ಆಯಿತು. ಮನುಷ್ಯಳ ಮನಸ್ಸು ಎಂಥ ಕೆಟ್ಟದ್ದು ಎಂದುಕೊಂಡಳು.

"ಸಿತ್ತಿ," ಗುಫ್ರಾನ್ ಮೇಜಿನ ಆ ಬದಿಯಿಂದ ಕೇಳಿದಳು. ಬೆಂಚಿನಿಂದ ಎದ್ದ ಮೇಲೆ ಸಿತ್ತಿ ಎಂದು ಕರೆದದ್ದು ಇದೇ ಮೊದಲು. "ಆ ಸೊಸೆ ಮಸ್ದಲೀಫಾಗೆ ಆಗ ಎಷ್ಟು ವಯಸ್ಸು?"

"ಹುಡುಗಿ. ನಿನ್ನಷ್ಟೂ ಇಲ್ಲ. ಹದಿನಾರು ಇದ್ದೀತು."

ಗುಫ್ರಾನ್ ಮನಸ್ಸಿನಲ್ಲೇ ಕೂಡಿದಳು. "ಖಾಲಾ ನಫೀಸಾ, ನಿಮಗೆಷ್ಟು?"

"ಎಪ್ಪತ್ತೆಂಟು. ಯಾಕೆ, ನನ್ನ ಗೋರಿ ಅಳೀತೀಯಾ?"

"ಅವಳಿಗೆ ಈಗ ಎಪ್ಪತ್ತೈದು. ನಿಮಗಿಂತ ಚಿಕ್ಕೋಳು."

ಬದ್ರಿಯಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಇಷ್ಟು ವರ್ಷ ಕೂಗುವಾಗೆಲ್ಲ ಅವಳ ಕಣ್ಣ ಮುಂದೆ ಬರುತ್ತಿದ್ದವಳು ಆ ಮುದುಕಿ. ಮುದುಕಿ ಯಾವಾಗಲೋ ಸತ್ತಿರುತ್ತಾಳೆ, ಸತ್ತವರು ಎದ್ದು ಬಂದು ಗುರುತು ಹೇಳುವುದಿಲ್ಲ. ಆ ಧೈರ್ಯದ ಮೇಲೇ ಗಂಟಲು ಹರಿಯುವಂತೆ ಕೂಗಿದ್ದಳು. ನೆಲ ತಡಕಾಡುತ್ತಿದ್ದ ಹುಡುಗಿಗೂ ವಯಸ್ಸಾಗುತ್ತ ಬಂದಿರಬಹುದು, ಇದೇ ಹೊತ್ತಿನಲ್ಲಿ ಎಲ್ಲೋ ಕೂತು ಮೊಮ್ಮಕ್ಕಳ ತಲೆ ಬಾಚುತ್ತಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಹೊಳೆಯಗೊಟ್ಟಿರಲಿಲ್ಲ.

"ಅವಳ ಊರು ಯಾವುದು?" ವಾರ್ತಿನಿ ಕೈ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದಳು.

"ಪನ್ಯಬುಂಗನ್."

"ನನ್ನ ರೂಮಲ್ಲಿ ಆ ಕಡೆಯವಳು ಒಬ್ಬಳಿದ್ದಾಳೆ. ಅವರ ಊರಿನವರದ್ದೇ ಒಂದು ಗುಂಪು ಫೋನಲ್ಲಿದೆ, ನೂರಾರು ಜನ ಇದ್ದಾರೆ. ನೀವು ಮಾತಾಡಿ ಹಜ್ಜಾ, ನಾನು ನಿಮ್ಮ ದನೀನೇ ಕಳಿಸ್ತೀನಿ. ನಿಮಗೆ ನಮ್ಮ ಮಾತು ಬರುತ್ತಾ?"

"ಬರ್ತಿತ್ತು."

"ಬಂದಷ್ಟು ಸಾಕು. ಇಲ್ಲಿ ಒತ್ತಿ ಹಿಡಿದಿದ್ದೀನಿ. ಹೇಳಿ."

ಐವತ್ತೊಂಬತ್ತು ಹಜ್ಜಿನಲ್ಲಿ ಯಾರಾದರೂ ಬಂದಾರೆಂಬ ಭಯ ಬದ್ರಿಯಾಳಿಗೆ ಒಂದು ಸಲವೂ ಆಗಿರಲಿಲ್ಲ. ಈಗ ಆಯಿತು. ಗುಫ್ರಾನ್ ಮೇಜು ಸುತ್ತಿಕೊಂಡು ಬಂದು ಅಜ್ಜಿಯ ಪಕ್ಕದಲ್ಲಿ ನಿಂತಳು. ಕೈ ಹಿಡಿಯಲಿಲ್ಲ, ಸುಮ್ಮನೆ ನಿಂತಳು. ನಫೀಸಾ ಬೆರಳು ತುಟಿಗಿಟ್ಟು ಎಲ್ಲರನ್ನೂ ಸುಮ್ಮನಿರಿಸಿದಳು.

ಎಂಟು ವರ್ಷದವಳಾಗಿದ್ದಾಗ ಆಡುತ್ತಿದ್ದ ಆ ಭಾಷೆಯನ್ನು ಬದ್ರಿಯಾ ಒಂದೊಂದೇ ಪದವಾಗಿ ಹುಡುಕಿ ತೆಗೆದಳು.

"ಮಸ್ದಲೀಫಾ, ನಾನು ಅಜ್ಯಾದಿನ ಮನೆಯ ಚಿಕ್ಕ ಹುಡುಗಿ. ನೀನು ಕಳೆದಿರಲಿಲ್ಲ. ನಾನು ತಗೊಂಡಿದ್ದೆ."